ಎರಡನೆಯ ಸಹಿ

ಇದು ನಡೆದು ಹತ್ತು ದಿನವಾಯಿತು, ಒಂದಕ್ಷರವೂ ಸೇರಿಸದೆ ಹೇಳುತ್ತೇನೆ.

ಮಹಡಿಯ ಬಾಡಿಗೆ ರೂಮನ್ನು ನನಗೆ ಒಪ್ಪಿಸುವಾಗ ಸೋದರಮಾವ ಹೇಳಿದ್ದು ಒಂದೇ ಮಾತು: "ಮುಖ ನೋಡದೆ ಯಾರನ್ನೂ ಸೇರಿಸ್ಬೇಡ ಕಣೋ."

ಅಲ್ಲಿದ್ದವರು ಗಡಿಯಾರ ರಿಪೇರಿಯವರು. ಜೊತೆಗೊಬ್ಬ ಗೆಳೆಯ ಇರುತ್ತಾನೆ, ಕರಾರುಪತ್ರಕ್ಕೆ ಅವನ ಹೆಸರೂ ಸೇರಿಸಿ ಎಂದು ಕೇಳಿದರು. ಭಾನುವಾರ ಮಧ್ಯಾಹ್ನ ಪತ್ರ ಹಿಡಿದು ಮೇಲೆ ಹೋದೆ. ಬಚ್ಚಲಿನಲ್ಲಿ ಶವರ್ ಸುರಿಯುತ್ತಿತ್ತು.

"ಸ್ನಾನ ಮಾಡ್ತಿದಾನೆ ಸರ್."

"ಬರಲಿ, ಒಂದ್ಸಲ ಮುಖ ನೋಡ್ತೀನಿ."

"ಅವನದು ಬೇಗ ಮುಗಿಯಲ್ಲ." ಅವರು ದನಿ ತಗ್ಗಿಸಿದರು. "ಬೇಡ ಅನ್ನೋದಾದ್ರೆ ನೀವೇ ಹೇಳ್ಬಿಡಿ. ನಾನು ಹೇಳಿದ್ರೆ ಕೇಳಲ್ಲ."

ಅಷ್ಟರಲ್ಲಿ ಟ್ಯಾಂಕ್ ತೊಳೆಯುವವನು ತಾರಸಿಯಿಂದ ನನ್ನನ್ನು ಕೂಗಿದ. ಅವಸರದಲ್ಲಿ ಸಹಿ ಹಾಕಿ, ಪತ್ರ, ಪೆನ್ನು ಎರಡನ್ನೂ ಬಚ್ಚಲ ಬಾಗಿಲಿನ ಕೆಳಗೆ ತಳ್ಳಿದೆ. ಶವರ್ ಸದ್ದು ನಿಲ್ಲಲಿಲ್ಲ. ಪತ್ರ ಮಾತ್ರ ಸಹಿಯಾಗಿ, ಒದ್ದೆಯಾಗಿ, ಕೈ ಜುಮ್ಮೆನ್ನುವಷ್ಟು ತಣ್ಣಗೆ ವಾಪಸ್ ಬಂತು.

ತಾರಸಿಗೆ ಹೋದರೆ ತೊಳೆಯುವವನು ಖಾಲಿ ಟ್ಯಾಂಕಿನೊಳಗೆ ಬಟ್ಟೆ ಹಿಡಿದು ನಿಂತಿದ್ದ. "ಒರೆಸಿದ್ದಾಯ್ತಣ್ಣ. ಇನ್ನು ನೀರು ಬಿಡ್ಬಹುದು."

ಬೆಳಗ್ಗೆ ಏಳರಿಂದ ನಮ್ಮ ಮನೆಯ ಯಾವ ನಲ್ಲಿಯಲ್ಲೂ ನೀರಿರಲಿಲ್ಲ. ಬಂದ್ ಮಾಡಿದ್ದು ನಾನೇ.

ಮೂರನೆಯ ದಿನ ಗಡಿಯಾರದವರು ಒಂದೇ ಚೀಲ ಹಿಡಿದು ಬಂದು ಬೀಗದ ಕೈ ಕೊಟ್ಟರು.

"ನಿಮ್ಮ ಗೆಳೆಯ?" ಎಂದೆ.

"ಅವನು ಇರ್ತಾನಂತೆ ಸರ್. ಪತ್ರದಲ್ಲಿ ಹೆಸರಿದೆಯಲ್ಲ."

ರೂಮು ಹೇಗೂ ಖಾಲಿ ಎಂದು ಮಾವ ಇವತ್ತು ಸಂಜೆ ತಾವೇ ಅಲ್ಲಿರಲು ಬರುತ್ತಿದ್ದಾರೆ. ಮುಖ ನೋಡಿಯೇ ಸಹಿ ಹಾಕಿದ್ದೆ ಎಂದು ಅವರಿಗೆ ಹೇಳಿಬಿಟ್ಟಿದ್ದೇನೆ.

ಆ ರೂಮಿನ ನೀರಿನ ವಾಲ್ವ್ ಮುಚ್ಚಿ ವಾರವಾಯಿತು. ಇವತ್ತು ಬೆಳಗ್ಗೆಯೂ ಬಚ್ಚಲ ನೆಲ ಒದ್ದೆಯಾಗಿತ್ತು.