ಅಕ್ಕುತಾಯಿಯ ತಾಟು

“ನಿನ್ನ ಗೆಳತಿ ಬರೂತನಾ ಆಕಿ ಹೆಸರಿಲೆ ಏನೂ ಇಡಬ್ಯಾಡ ತಂಗಿ. ಹಾಸಿಗಿ ಹಾಸಬ್ಯಾಡ, ತಾಟ ಹಚ್ಚಬ್ಯಾಡ. ಈ ಮನ್ಯಾಗ ಖಾಲಿ ಜಾಗಾ ಇಡಬಾರದು.”

ಕೀಲಿಕೈ ಕೊಡುವಾಗ ಮನೆಯೊಡತಿ ದುಂಡವ್ವ ಹೇಳಿದಳು. ಹೇಳುವಾಗ ಮುದುಕಿಯ ಕಣ್ಣು ಸುಂದರಾಳ ಮುಖದ ಮೇಲಿರಲಿಲ್ಲ, ಹೊಸ್ತಿಲ ಮೇಲಿತ್ತು. ಸುಂದರಾ ಸೆರಗಿನ ಮರೆಯಲ್ಲಿ ನಕ್ಕಳು. ಕಾಗವಾಡದ ಅವರ ಮನೆಯ ಗೋಡೆಗೆ ಬುದ್ಧನ ಪಟ ಬಂದ ದಿನವೇ ಅಪ್ಪ ತಾಯಿತ, ದೃಷ್ಟಿಮಣಿಗಳನ್ನೆಲ್ಲ ಹೊಳೆಗೆ ಬಿಟ್ಟು ಬಂದಿದ್ದ. ಅಂಥವನ ಮಗಳು, ಟೆಲಿಫೋನ್ ಆಫೀಸಿನಲ್ಲಿ ಈಗಷ್ಟೇ ನೌಕರಿ ಸಿಕ್ಕ ಪದವೀಧರೆ, ಖಾಲಿ ಜಾಗಕ್ಕೆ ಅಂಜುವುದೇ?

ಅವಳ ಅಂಜಿಕೆ ಬೇರೆಯದು. ಭಾನುವಾರ ಅಣ್ಣ ಬರುವವನಿದ್ದ. ನಿಪ್ಪಾಣಿಯಲ್ಲಿ ತಂಗಿಗೊಂದು ನೆಟ್ಟಗಿನ ಮನೆ ಕಾಣದಿದ್ದರೆ ನೌಕರಿ ಬಿಡಿಸಿ ಕರೆದೊಯ್ಯುವುದು, ಬಂದ ವರನಿಗೆ ಹೂಂ ಅನ್ನಿಸುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಸುಂದರಾ ಓಣಿ ಓಣಿ ತಿರುಗಿದ್ದಳು. ಕೆಲವರು ಅಡ್ಡಹೆಸರು ಕೇಳಿ, ಮನೆ ಖಾಲಿ ಇಲ್ಲ ಅಂದರು. ಪೇಟೆಯ ಬಾಪುಸಾಹೇಬರು ಅದನ್ನೂ ಕೇಳಲಿಲ್ಲ. ಒಬ್ಬಂಟಿ ಹೆಣ್ಣುಮಗಳಿಗೆ ಕೊಡುವುದಿಲ್ಲ, ಜೋಡಿ ಯಾರಾದರೂ ಸಿಕ್ಕರೆ ಬಾ ಎಂದು ಬಾಗಿಲಲ್ಲೇ ಕಳಿಸಿದರು. ಹೀಗಾಗಿ ದುಂಡವ್ವ ಎಷ್ಟು ಮಂದಿ ಎಂದು ಕೇಳಿದಾಗ ಸುಂದರಾ ತಡವರಿಸದೆ ಇಬ್ಬರು ಅಂದಳು. ರಾಯಬಾಗದಿಂದ ಗೆಳತಿ ಬರುತ್ತಾಳೆ, ಹೆಸರು ಅಕ್ಕುತಾಯಿ.

ಅಂಥ ಗೆಳತಿ ಯಾರೂ ಇರಲಿಲ್ಲ. ಎದುರಿಗೆ ನಿಂತವರ ಜೊತೆ ಮಾತಾಡಲು ಬಾರದೆ ರಾತ್ರಿ ಡೈರಿಯೊಡನೆ ಮಾತಾಡುವ ಹುಡುಗಿ ಅವಳು. ಆಫೀಸಿನಲ್ಲಿ ಯಾರನ್ನಾದರೂ ಕೇಳಿ ಜೋಡಿ ಮಾಡಿಕೊಂಡರಾಯಿತು, ಅಲ್ಲಿಯವರೆಗೆ ಮುದುಕಿಯ ಕಣ್ಣಿಗೆ ಮಣ್ಣೆರಚಿದರಾಯಿತು ಎಂದುಕೊಂಡಳು. ಆದರೆ ಯಾರನ್ನೂ ಕೇಳಲು ಬಾಯಿ ಬರಲಿಲ್ಲ.

ಮನೆ ಎಂದರೆ ಒಂದು ಕೋಣೆ, ಒಂದು ಅಡಿಗೆಮನೆ. ಹಿಂದಿನ ಗೋಡೆಯಾಚೆ ತಂಬಾಕು ಕೂಡಿಡುವ ವಖಾರ. ಬಾಗಿಲು ತೆರೆದರೆ ಘಾಟು, ಮುಚ್ಚಿದರೆ ಇನ್ನೂ ಘಾಟು. ದುಂಡವ್ವ ದಿನಾ ಸಂಜೆ ಕಿಟಕಿಯಲ್ಲಿ ಇಣುಕಿ ಗೆಳತಿ ಬಂದಳೇ ಎಂದು ಕೇಳುತ್ತಿದ್ದಳು. ಬರದಿದ್ದರೆ ಕೀಲಿಕೈ ತಿರುಗಿ ಕೊಡು ಎಂದೂ ಹೇಳತೊಡಗಿದಳು.

ಸುಂದರಾ ಪೇಟೆಯಿಂದ ಇನ್ನೊಂದು ಜೋಡಿ ಚಪ್ಪಲಿ ತಂದು ಬಾಗಿಲಲ್ಲಿ ಬಿಟ್ಟಳು. ಇನ್ನೊಂದು ಹಾಸಿಗೆ ಬಿಚ್ಚಿದಳು. ಎರಡು ತಾಟುಗಳಲ್ಲಿ ರೊಟ್ಟಿ, ಝುಣಕ ಬಡಿಸಿ, ಕಿಟಕಿಯಾಚೆ ಮುದುಕಿಯ ಕೆಮ್ಮು ಕೇಳಿಸಿದಾಗ ಅಡಿಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕರೆದಳು: “ಅಕ್ಕುತಾಯಿ, ಉಣ್ಣಾಕ ಬಾ.”

ಕೆಮ್ಮು ದೂರವಾಯಿತು. ಸುಂದರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಹೊಸ್ತಿಲ ಕೆಳಗೆ ಇಲಿ ಕೆರೆದಂಥ ಸಪ್ಪಳವಾಯಿತು, ಅಷ್ಟೆ.

ಮರುದಿನ ಆಫೀಸಿನಿಂದ ಬಂದರೆ ದುಂಡವ್ವ ಕಟ್ಟೆಯ ಮೇಲೆ ಖುಷಿಯಾಗಿ ಕೂತಿದ್ದಳು.

“ಗೆಳತಿ ಚಲೋ ಅದಾಳ ಬಿಡವಾ. ಅಂಗಳಾ ಕಸಾ ಹೊಡದು ನೀರ ತುಂಬ್ಯಾಳ. ಮಾತ ಅಷ್ಟ ಕಮ್ಮಿ, ನಿನಗಿಂತಾನೂ ಕಮ್ಮಿ. ಸೆರಗ ಹೊತ್ತಾಕಿ ಮಾರಿನೂ ತೋರಸವಲ್ಲಳು.”

ಮುದುಕಿಗೆ ಕಣ್ಣಿನ ಪೊರೆ ಬಲಿತಿರಬೇಕು ಎಂದುಕೊಂಡು ಸುಂದರಾ ಒಳಗೆ ಹೋದಳು. ಹಂಡೆ ತುಂಬಿತ್ತು. ಮೂಲೆಯಲ್ಲಿ ಮುಚ್ಚಿಟ್ಟಿದ್ದ ಎರಡನೆಯ ತಾಟಿನ ರೊಟ್ಟಿ ಅರ್ಧ ಮುರಿದಿತ್ತು. ಝುಣಕದ ಮೇಲೆ ಬೆರಳಿನ ಗುರುತುಗಳಿದ್ದವು, ಕರ್ರಗೆ, ತಂಬಾಕು ನಾರುವ ಗುರುತುಗಳು. ಬಾಗಿಲಿಗೆ ಬಂದು ನೋಡಿದಳು. ಹೊಸ ಚಪ್ಪಲಿಯ ಹಿಮ್ಮಡಿ ಸವೆದಿತ್ತು.

ಯಾರೋ ಆಟವಾಡುತ್ತಿದ್ದಾರೆ ಎಂದು ಡೈರಿಯಲ್ಲಿ ಬರೆದಳು. ಅಂದಿನಿಂದ ಎರಡನೆಯ ತಾಟು ಹಚ್ಚಲಿಲ್ಲ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಕಡ್ಡಿಪೆಟ್ಟಿಗೆ ಹುಡುಕುತ್ತಿದ್ದವಳಿಗೆ ಅಡಿಗೆಮನೆಯಿಂದ ಸಪ್ಪಳ ಕೇಳಿಸಿತು. ಕಚ್. ಕಚ್. ಕತ್ತರಿಯ ಸಪ್ಪಳ. ಓಣಿಯ ಹೆಂಗಸರು ಬೀಡಿ ಎಲೆ ಕತ್ತರಿಸುವ ಹಾಗೆ. ಆದರೆ ಓಣಿಯಿಂದಲ್ಲ. ಒಳಗಿನಿಂದ. ಸುಟ್ಟ ಕೂದಲಿನ ವಾಸನೆ ಬಂತು. ಘಾಟು ಗಂಟಲಿಗೆ ಇಳಿಯಿತು. ಕತ್ತರಿ ನಿಂತಿತು. ಬಳೆ ಸರಿದವು. ತಾಟು ನೆಲದ ಮೇಲೆ ತೆವಳಿಕೊಂಡು ಬಂತು. ಅವಳ ಕಾಲಿಗೆ ತಾಗಿ ನಿಂತಿತು.

“ತಾಟ ಹಚ್ಚ, ಸುಂದರಾ.”

ಕಡ್ಡಿಪೆಟ್ಟಿಗೆ ಕೈಯಿಂದ ಜಾರಿತು. ಬಾಗಿಲು ಹೇಗೆ ತೆರೆದಳೋ. ಬರಿಗಾಲು. ಅಂಗಳ. ಕಟ್ಟೆ. ದುಂಡವ್ವ ಕಂದೀಲು ಎತ್ತಿ ಹಿಡಿದು ಕೇಳಿದಳು: “ಯಾಕವಾ, ಇಬ್ಬರೂ ಕೂಡಿ ಓಡಿ ಬಂದ್ರಿ?”

ಸುಂದರಾ ಮುದುಕಿಯ ಕೈ ಹಿಡಿದು ಎಲ್ಲ ಒದರಿಬಿಟ್ಟಳು. ಗೆಳತಿ ಇಲ್ಲ, ಅಕ್ಕುತಾಯಿ ಎಂಬವಳೇ ಇಲ್ಲ, ತಾಟು, ಹಾಸಿಗೆ, ಚಪ್ಪಲಿ ಎಲ್ಲ ಸುಳ್ಳು. ಮುದುಕಿ ಕಂದೀಲನ್ನು ಕಟ್ಟೆಯ ಮೇಲಿಟ್ಟಳು. ದುಂಡವ್ವ ತೊದಲುತ್ತ ಹೇಳಿದಳು. ಹಿಂದೆ ಆ ಮನೆಯಲ್ಲಿ ಬೀಡಿ ಕಟ್ಟುವ ಇಬ್ಬರು ಹೆಂಗಸರಿದ್ದರು. ಒಬ್ಬಳ ಮದುವೆಯಾಯಿತು. ಉಳಿದ ಸಾವಕ್ಕ ಒಬ್ಬಂಟಿ ಹೆಣ್ಣು ಎಂದು ದುಂಡವ್ವ ಅವಳ ಹಾಸಿಗೆಯನ್ನು ಓಣಿಗೆ ಎಸೆದಿದ್ದಳು. ಸಾವಕ್ಕ ಅಂಕಲಿಯ ಹೊಳೆದಂಡೆಯ ಮಾಟಗಾರನನ್ನು ಕಂಡು ಬಂದು, ತನ್ನ ಕೂದಲು, ಉಗುರು, ಬೀಡಿಯ ದಾರ ಸುತ್ತಿದ ನಿಂಬೆಹಣ್ಣನ್ನು ಹೊಸ್ತಿಲ ಕೆಳಗೆ ಹೂತಳು. ಇಲ್ಲಿ ಯಾವ ಜಾಗ ಖಾಲಿ ಇಡುತ್ತಾರೋ ಅದು ನನ್ನದು ಅಂದಳು. ಆಮೇಲೆ ಹೊಳೆಗೆ ಹಾರಿದಳು. ಅದಕ್ಕೇ ಇಬ್ಬರಿಲ್ಲದೆ ಮನೆ ಕೊಡುತ್ತಿರಲಿಲ್ಲ.

“ಹಂಗಾರ ನಾ ಆ ಮನಿ ಬಿಡತೀನ್ರಿ ಆಯಿ. ಈಗ ಬಿಡತೀನಿ.”

ದುಂಡವ್ವ ಸುಂದರಾಳ ಹೆಗಲಾಚೆ ನೋಡಿದಳು. ಹಿಂದೆ ಹಿಂದೆ ಹೆಜ್ಜೆ ಇಡುತ್ತ ತನ್ನ ಬಾಗಿಲೊಳಗೆ ಸರಿದಳು.

“ನೀ ಬರೇ ಮನ್ಯಾಗಿನ ಜಾಗಾ ಕೊಟ್ಟಿಲ್ಲ ತಂಗಿ. ಗೆಳತಿ ಅಂತ ಕರದು ನಿನ್ನ ಮಗ್ಗಲದಾಗಿನ ಜಾಗಾ ಕೊಟ್ಟೀದಿ.”

ಬಾಗಿಲು ಮುಚ್ಚಿತು. ಒಳಗಿನಿಂದ ಅಗಳಿ ಬಿತ್ತು.

ಸುಂದರಾ ಓಡಿದಳು. ವಖಾರಗಳ ಗೋಡೆ ಮುಗಿದವು. ಪೇಟೆ ಬಂತು, ಅಂಗಡಿಗಳ ಗ್ಯಾಸ್‌ಬತ್ತಿ ಬಂತು. ಘಾಟು ಬಿಡಲಿಲ್ಲ. ಉಸಿರು ಕಟ್ಟಿ ನಿಂತಲ್ಲಿ ಬಾಪುಸಾಹೇಬರ ಮನೆ ಇತ್ತು. ಒಂದು ರಾತ್ರಿ ಇರಗೊಡಿ ಎಂದು ಬೇಡುವುದಕ್ಕೆ ಅವಳು ಬಾಯಿ ತೆರೆಯುವ ಮೊದಲೇ ಅವರು ಅವಳ ಬೆನ್ನ ಹಿಂದೆ ಕಣ್ಣು ಹಾಯಿಸಿ ನಕ್ಕರು.

“ಸಿಕ್ಕಳಲಾ ಜೋಡಿ? ಹಿಂಗ ಬರ್ರಿ ಮತ್ತ. ಒಬ್ಬಾಕಿ ಇದ್ದಿ ಅಂದ್ರ ಈಗೂ ಕೊಡತಿರಲಿಲ್ಲ. ಇಬ್ಬರ ಅದೀರಿ ಹೌದಲ್ಲ?”

ಅವರ ಹೆಂಡತಿ ನೀರು ತಂದಿಟ್ಟಳು. ಎರಡು ಲೋಟ.

ಒಬ್ಬಳೇ ಅಂದರೆ ಈ ಬಾಗಿಲೂ ಮುಚ್ಚುತ್ತದೆ. ಬೆಳಗಾದರೆ ಅಣ್ಣ. ಕಾಗವಾಡದ ಬಸ್ಸು. ಮುಖ ನೋಡದ ವರ. ಕುತ್ತಿಗೆಯ ಮೇಲೆ ತಣ್ಣನೆಯ ಉಸಿರೊಂದು ಕಾಯುತ್ತಿತ್ತು. ಅದಕ್ಕೂ ಉತ್ತರ ಬೇಕಿತ್ತು.

“ಹೌದ್ರಿ,” ಅಂದಳು ಸುಂದರಾ. “ಇಬ್ಬರ ಅದೀವಿ.”

ಅವಳು ಬರಿಗಾಲಲ್ಲಿ ಹೊಸ್ತಿಲು ದಾಟಿದಳು. ಬೆನ್ನ ಹಿಂದೆ ಯಾರೋ ಚಪ್ಪಲಿ ಬಿಟ್ಟ ಸಪ್ಪಳವಾಯಿತು.