ಎರಡೂವರೆಯ ಇಳಿತ

ಜನವರಿ ೩೦, ೨೦೨೬, ಶುಕ್ರವಾರ ಬೆಳಿಗ್ಗೆ ೧೦.೨೦ಕ್ಕೆ ಹಿರೀಸಾವೆಯ ಬೆಟ್ಟಮ್ಮ ಚನ್ನರಾಯಪಟ್ಟಣದ ಠಾಣೆಗೆ ಬಂದರು. ಊರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಅವರ ಮಗಳು ಧನ್ಯಾ, ಜನವರಿ ೧೮ರಂದು ಕರಾವಳಿ ಪ್ರವಾಸದಲ್ಲಿ ಮೋಟಾರು ದೋಣಿಯಿಂದ ಕಡಲಿಗೆ ಬಿದ್ದು ಸತ್ತಿದ್ದಳು. ಅಲ್ಲಿನ ಠಾಣೆಯಲ್ಲಿ ಅಸಹಜ ಸಾವೆಂದು ದಾಖಲಾಗಿತ್ತು.

ಬೆಟ್ಟಮ್ಮ ಒಂದು ಫೋನನ್ನು ಇನ್‌ಸ್ಪೆಕ್ಟರ್ ಚಂದ್ರಶೇಖರಯ್ಯನವರ ಮುಂದಿಟ್ಟರು.

"ನೋಡಿ ಸಾ. ಟೂರಿಗೆ ಕರ್ಕೊಂಡೋದ ರವೀಶನೇ ಇದ್ನ ಆಕವ್ನೆ. ಪಕ್ಕದ್ಮನೆ ಉಡ್ಗಿ ತೋರ್ಸುದ್ಲು."

ಡ್ರೋನಿನಿಂದಲೂ ದೋಣಿಯೊಳಗಿನಿಂದಲೂ ತೆಗೆದ ವಿಡಿಯೋ. ಕಡಲಿಗೆ ಚಾಚಿದ ಗುಡ್ಡದ ತುದಿಯನ್ನು ಸುತ್ತುತ್ತಿದ್ದ ದೋಣಿ ಅಲೆಗಳ ನಡುವೆ ಎದ್ದು ಎದ್ದು ಬೀಳುತ್ತಿತ್ತು. ಹಿಂದೆ ಡೋಲಿನ ಸಂಗೀತ. ಹೆಣ್ಣಿನ ಕಿರುಚಾಟ ಕೇಳಿದ್ದೇ ಚಿತ್ರ ನಿಂತು, "ಮುಂದೇನಾಯ್ತು? ಸದ್ಯದಲ್ಲೇ ನೋಡಿ" ಎಂಬ ಅಕ್ಷರಗಳು ಮೂಡಿದವು. ಅದನ್ನು ಹಾಕಿದ್ದು ಜನವರಿ ೨೮ರಂದು, ಧನ್ಯಾಳ ಹನ್ನೊಂದನೇ ದಿನದ ಕಾರ್ಯ ನಡೆದ ದಿನ.

"ಥೂ," ಎಂದ ಕಾನ್‌ಸ್ಟೇಬಲ್ ಕಾಂತರಾಜು.

ಪ್ರವಾಸದ ಯೋಜನೆ, ಬುಕಿಂಗ್ ಎಲ್ಲವೂ ಪಟ್ಟಣದಲ್ಲೇ ನಡೆದಿದ್ದರಿಂದ ಇಲ್ಲೇ ಎಫ್‌ಐಆರ್ ದಾಖಲಾಯಿತು. ಆರೋಪ, ನಿರ್ಲಕ್ಷ್ಯದಿಂದ ಸಾವು. ಮಧ್ಯಾಹ್ನ ಮೂರಕ್ಕೆ ರವೀಶನನ್ನು ಕರೆಸಿದರು.

"ಗುಡ್ಡ ಸುತ್ತೋ ಪ್ಲಾನ್ ಎಷ್ಟೊತ್ತಿಗಿತ್ತು?"

"ಎರಡೂವರೆಗೆ ಸಾ. ಸಮುದ್ರ ಸಡನ್ನಾಗಿ ಎದ್ಬುಡ್ತು."

"ದೋಣಿ ನಡೆಸಿದ್ದು?"

"ನಾನೇ. ದೋಣಿಯವ್ನಿಗೆ ಉಷಾರಿರ್ಲಿಲ್ಲ."

"ಲೈಫ್ ಜಾಕೆಟ್?"

"ಎಲ್ರುಗೂ ಆಕ್ಸಿದ್ದೆ ಸಾ."

ಕಾಂತರಾಜು ವಿಡಿಯೋ ನಿಲ್ಲಿಸಿ ಹಿಗ್ಗಿಸಿದ. ಯಾರ ಮೈಮೇಲೂ ಜಾಕೆಟ್ ಇರಲಿಲ್ಲ. ಕಿತ್ತಳೆ ಬಣ್ಣದ ರಾಶಿಯೊಂದು ದೋಣಿಯ ಹಿಂಬದಿ ಹಲಗೆಯ ಕೆಳಗೆ ಬಿದ್ದಿತ್ತು.

ಮರುದಿನ ಬಸ್‌ಸ್ಟ್ಯಾಂಡ್ ಬಳಿಯ ರವೀಶನ ಟೂರ್ ಕಚೇರಿಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಮೇಜಿನ ಡ್ರಾಯರಿನಲ್ಲಿ ಅವನದೇ ಕೈಬರಹದ ಹಾಳೆ ಸಿಕ್ಕಿತು: "೧೧ ಗಂಟೆ, ನೀರು ನಿಲ್ಲುವ ಹೊತ್ತು. ೧೦.೩೦ಕ್ಕೆ ಹೊರಟು ೧೧.೩೦ರೊಳಗೆ ಗುಡ್ಡ ದಾಟಬೇಕು. ಆಮೇಲೆ ಬೇಡ." ಅಷ್ಟನ್ನೂ ಹೊಡೆದುಹಾಕಿ ಕೆಂಪು ಶಾಯಿಯಲ್ಲಿ "೨.೩೦" ಎಂದು ಬರೆದಿತ್ತು.

ಫೆಬ್ರವರಿ ೨ರಂದು ಚಂದ್ರಶೇಖರಯ್ಯ, ಕಾಂತರಾಜು ಇಬ್ಬರೂ ಕರಾವಳಿಗೆ ಹೋದರು. ದೋಣಿಯ ಚಾಲಕ ಬಲೆ ಬಿಡಿಸುತ್ತ ಕೂತಿದ್ದ.

"ನಿಮಗೆ ಹುಷಾರಿರಲಿಲ್ಲವಂತೆ?"

"ನಂಗೆಂತ ಆಗಿತ್ತು? ಅಮಾಸೆ ದಿವ್ಸ ಮಧ್ಯಾಹ್ನ ಇಳಿತ ಹೊರಗೆ ಎಳೀತದೆ, ಗಾಳಿ ಒಳಗೆ ನೂಕ್ತದೆ. ಆ ತುದೀಲಿ ನೀರು ಕುದೀತದೆ. ಹನ್ನೊಂದಕ್ಕೇ ದಾಟುವ ಅಂದೆ. ಅವ ಕೇಳ್ಲಿಲ್ಲ. ಹಾಗಾದ್ರೆ ನಾ ಬರೂದಿಲ್ಲ ಅಂದೆ. ಕೀಲಿ ತಾನೇ ತಕಂಡು ಹೋದ."

ಉಳಿದದ್ದು ಡ್ರೋನ್ ಹಾರಿಸಿದ ಅರಕಲಗೂಡಿನ ಮೋಹನ್‌ಕುಮಾರ್. ಅವನ ಫೋನಿನಲ್ಲಿ ರವೀಶನ ಸಂದೇಶ ಹಾಗೇ ಉಳಿದಿತ್ತು: "ಹನ್ನೊಂದಕ್ಕೆ ನೀರು ಸಪ್ಪೆ. ಎರಡೂವರೆಗೆ ಗುಡ್ಡದ ಮೇಲಿರು. ಜಾಕೆಟ್ ತೆಗೆಸ್ತೀನಿ, ಮುಖ ಕಾಣ್ಲಿ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಮುಂದಿನ್ ಭಾಗದಲ್ಲಿ ನನ್ ಎಸ್ರು ಆಕ್ತೀನಿ ಅಂದಿದ್ದ ಸಾ."

ಚಂದ್ರಶೇಖರಯ್ಯ ಅವನಿಗೆಂದು ತರಿಸಿದ್ದ ಟೀಯನ್ನು ವಾಪಸು ಕಳಿಸಿದರು.

ಸಾವು ಸಂಭವಿಸಬಹುದೆಂದು ಗೊತ್ತಿದ್ದೇ ಮಾಡಿದ ಕೃತ್ಯವೆಂದು ಕಲಂ ಬದಲಾಯಿತು. ಫೆಬ್ರವರಿ ೫, ಬೆಳಿಗ್ಗೆ ೮.೪೦ಕ್ಕೆ ಶಾಂತಿಗ್ರಾಮದ ಹೋಟೆಲೊಂದರಲ್ಲಿ ರವೀಶನ ಬಂಧನವಾಯಿತು. ಎದುರಿಗೆ ಅರ್ಧ ತಿಂದ ಇಡ್ಲಿ, ಪಕ್ಕದಲ್ಲಿ ಲ್ಯಾಪ್‌ಟಾಪ್. ಅವನು ಎರಡನೇ ಭಾಗಕ್ಕೆ ಸಂಗೀತ ಕೂಡಿಸುತ್ತಿದ್ದ.

ಹೇಳಿಕೆ ಕೊಡುವಾಗ ಅವನು ಅಳಲಿಲ್ಲ.

"ಡಿಸೆಂಬರಲ್ಲಿ ಎರಡು ಸಲ ಕರೆಕ್ಟ್ ಟೈಮ್‌ಗೇ ಸುತ್ತುಸ್ದೆ ಸಾ. ಆ ವಿಡಿಯೋನ ಒಬ್ರೂ ನೋಡ್ಲಿಲ್ಲ. ಸುಮ್ನಿರೋ ನೀರ್ನ ಯಾರ್ ನೋಡ್ತಾರೆ? ಅವ್ಳು ಬೀಳ್ತಾಳೆ ಅಂತ ಅನ್ಕೊಂಡಿರ್ಲಿಲ್ಲ. ಬಿದ್ಮೇಲೆ, ತೆಗ್ದಿರೋದ್ನ ವೇಸ್ಟ್ ಮಾಡಕ್ಕಾಯ್ತದಾ?"

ಕಾಂತರಾಜುವಿನ ಪೆನ್ನು ನಿಂತಿತು.

"ಅವನು ಹೇಳಿದ ಹಾಗೇ ಬರಿ," ಎಂದರು ಚಂದ್ರಶೇಖರಯ್ಯ.

ಸಂಜೆ ಬೆಟ್ಟಮ್ಮ ಬಂದರು. ಬಂಧನದ ಸುದ್ದಿ ಕೇಳಿ ಬೆಂಚಿನ ತುದಿಯಲ್ಲಿ ಕೂತರು.

"ನನ್ ಮಗ್ಳು ಅವ್ನಿಗೇನ್ ಮಾಡಿದ್ಲಂತೆ ಸಾ? ಯಾಕಂತೆ?"

ಹೇಳಿಕೆಯ ಹಾಳೆ ಚಂದ್ರಶೇಖರಯ್ಯನವರ ಕೈಯಲ್ಲೇ ಇತ್ತು. ಅವರು ಅದನ್ನು ಮಡಚಿದರು.

"ಏನೂ ಮಾಡಿರಲಿಲ್ಲ ಕಣಮ್ಮ," ಎಂದರು.