ಹೊಗೆಗೂಡಿನಲ್ಲಿಟ್ಟ ಬೂಟು

"ಹೊಗೆಗೂಡಲ್ಲಿರೋ ಬೂಟು ಮಾತ್ರ ಮುಟ್ಬೇಡಪ್ಪಾ," ಎಂದಳು ವಿನಿಫ್ರೆಡ್ ಪಾಸ್ಕ್. ಇಂಗ್ಲೆಂಡಿನ ಸಫೊಕ್‌ನ ಆ ಹಳೆಯ ಪಾದ್ರಿಮನೆಯಲ್ಲಿ ಪಾದ್ರಿಯ ಹೆಂಡತಿಯಾಗಿ ಬಾಳಿ, ಗಂಡ ಸತ್ತ ಮೇಲೆ ಎದುರಿನ ಪುಟ್ಟ ಮನೆ ಸೇರಿದ್ದ ಮುದುಕಿ. "ಹಿಂದೆ ಇಲ್ಲಿನ ಪಾದ್ರಿ ಒಬ್ಬಳನ್ನ ಮಾಟಗಾತಿ ಅಂತ ನೇಣಿಗೆ ಹಾಕ್ಸಿದ್ದ. ಆ ಪಾದ್ರಿಮನೇಲಿ ಮಕ್ಕಳು ಉಳೀಬಾರ್ದು ಅಂತ ಶಪಿಸಿ ಸತ್ಲು. ಹೊಗೆಗೂಡಿಂದ ಇಳೀತಾಳೆ. ಬೂಟು ಕಂಡ್ರೆ ಮಗು ಅಂದ್ಕೊಂಡು ಒಳಗೆ ಹೊಕ್ಕು ಸಿಕ್ಕಿಬೀಳ್ತಾಳೆ. ಅದಕ್ಕೂ ಒಂದು ಕಟ್ಟುಪಾಡಿದೆ, ಕೇಳು..."

"ಪಾಪ, ಬೂಟು ಬಿಗಿಯಾಗಲ್ವಾ ಅವಳಿಗೆ?" ನಗುತ್ತ ಅವಳು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದ ಪೆರಿಗ್ರಿನ್ ಥ್ವೇಟ್. ಪಾದ್ರಿಮನೆ ಕೊಂಡ ವಾಸ್ತುಶಿಲ್ಪಿ ಅವನು. ಹೆಂಡತಿಯಿಲ್ಲದ ಅವನಿಗೆ ಪ್ರಾಣವೆಂದರೆ ಪುಟ್ಟ ಮಗಳು ಟ್ಯಾಬಿತಾ. ವಿನಾಶಕಾಲೇ ವಿಪರೀತಬುದ್ಧಿ.

ಮನೆಯೂ ಒಳಗೊಂದು ಹೊರಗೊಂದು. ಮುಂದೆ ಸಾಲುಕಿಟಕಿಗಳ ನಾಜೂಕು ಇಟ್ಟಿಗೆಗೋಡೆ. ಅದರ ಹಿಂದೆ ಕರಿತೊಲೆಗಳ, ತಲೆ ಬಡಿಯುವಷ್ಟು ತಗ್ಗಿನ ಮುದಿ ಮನೆ. ನಡುವೆ ಬಾಯಿ ಮುಚ್ಚಿದ ಹೊಗೆಗೂಡು. ಪೆರಿಗ್ರಿನ್ ಅದರ ಇಟ್ಟಿಗೆ ಒಡೆಸಿ, ಒಳಗಿದ್ದ ಅಂಗೈಯುದ್ದದ ಬೂಟನ್ನು ಮಗಳೆದುರೇ ಬೆಂಕಿಗೆ ಹಾಕಿದ, ಅವಳು ಹೆದರುಪುಕ್ಕಲಿಯಾಗಬಾರದೆಂದು. ಸುಟ್ಟ ಚರ್ಮದ ಜೊತೆ ಕೊಳೆತ ಮಾಂಸದ ನಾತ ಎದ್ದಿತು.

ಮರುದಿನವೇ ಮಗುವಿಗೆ ಜ್ವರ. ಮೈಯೆಲ್ಲ ಕೆಂಡ, ಪಾದಗಳು ಮಾತ್ರ ಮಂಜು. ಡಾಕ್ಟರು ಕೈಚೆಲ್ಲಿದರು.

"ಅಪ್ಪಾ, ಅಜ್ಜಿ ನನ್ ಕಾಲು ಬಿಡ್ತಿಲ್ಲ."

"ಯಾವ ಅಜ್ಜಿ, ಪುಟ್ಟಾ?"

"ಕತ್ತು ವಾರೆಯಾಗಿದೆಯಲ್ಲ, ಅವಳು."

ಪೆರಿಗ್ರಿನ್ ಎದ್ದು ಓಡಿದ. ಮಗಳದೇ ಕೆಂಪು ಬೂಟೊಂದನ್ನು ಹೊಗೆಗೂಡಿಗೆ ತುರುಕಿದ. ಒಳಗೆ ಪರಪರ ಕೆರೆದ ಸದ್ದು. ನಿಂತಿತು. ಜ್ವರ ಇಳಿಯಿತು. ಅವನು ಮಗುವನ್ನು ತಬ್ಬಿ ಅತ್ತ. ಅವಳು ನಿದ್ದೆಹೋದ ಮೇಲೆ ಮುದುಕಿಯ ಬಳಿ ಓಡಿದ.

"ನಾನು ಸೋತೆ, ಮಿಸೆಸ್ ಪಾಸ್ಕ್. ಬೇರೆ ಬೂಟು ಇಟ್ಟೆ."

"ಯಾರದ್ದು?"

"ಟ್ಯಾಬಿತಾದು."

ಮುದುಕಿ ಕುರ್ಚಿಗೆ ಕುಸಿದಳು. "ಅವತ್ತು ಅದನ್ನೇ ಹೇಳೋಕೆ ಹೊರಟಿದ್ದೆ, ನೀನು ಎದ್ದೋದೆ. ಸತ್ತ ಮಗೂದೇ ಇಡ್ಬೇಕು. ಬದುಕಿರೋ ಮಗೂದು ಇಟ್ರೆ ಅವಳ ಜೊತೆ ಮಗೂನೂ ಒಳಗೆ ಸೇರುತ್ತೆ. ಈಗ ಬೂಟು ತೆಗೀಬೇಡ. ತೆಗೆದ್ರೆ ಹೊರಗೆ ಬರೋದು ಅವಳೊಬ್ಬಳೇ."

ಓಡಿದ. ಹಾಡುಹಗಲು. ಹಾಸಿಗೆ ಖಾಲಿ. ಮಹಡಿ ಹುಡುಕಿದ. ತೋಟ ಹುಡುಕಿದ. ಇಲ್ಲ. ಹೊಗೆಗೂಡಿನೊಳಗಿಂದ ಸಣ್ಣ ದನಿ.

"ಅಪ್ಪಾ, ಇಲ್ಲಿ ಇಕ್ಕಟ್ಟು. ತೆಗಿ ಅಪ್ಪಾ."

ತೆಗೆಯಬಾರದೆಂದು ಗೊತ್ತಿತ್ತು. ಕಿವಿ ಮುಚ್ಚಿಕೊಂಡ. ದನಿ ನಿಲ್ಲಲಿಲ್ಲ. ತಂದೆಯ ಕರುಳು ಕೇಳಲಿಲ್ಲ. ಕೈ ಹಾಕಿ ಎಳೆದೇಬಿಟ್ಟ.

ಬೂಟು ಖಾಲಿ. ಮಗಳು ಇನ್ನೂ ಗೂಡಿನೊಳಗೇ ಅಳುತ್ತಿದ್ದಳು. ಅವನ ಬೆನ್ನ ಹಿಂದೆ ಯಾರೋ ಮೈಮೇಲಿನ ಮಸಿ ಕೊಡವಿಕೊಂಡರು.